ಗೆದ್ದವಳ ಸೀರೆ

ಬೆಳಿಗ್ಗೆ ಒಂಬತ್ತೂವರೆಗೆ ಮೊಳಕಾಲ್ಮೂರಿನ ಗೋವಿಂದಮ್ಮನ ಮನೆ ಮುಂದೆ ಬಿಳಿ ಕಾರೊಂದು ನಿಂತಿತು. ಅದರಲ್ಲಿ ಬಂದವನು ಸೀರೆ ಕೇಳಿದ. ಗೋವಿಂದಮ್ಮ ಕೊಡಲಿಲ್ಲ.

ಬಂದವನು ಕಿರಣ್‌ಕುಮಾರ್, ಚಳ್ಳಕೆರೆ ಅಂತರರಾಷ್ಟ್ರೀಯ ಆಹ್ವಾನಿತ ಬ್ಯಾಡ್ಮಿಂಟನ್ ಪಂದ್ಯಾವಳಿಯ ಕಾರ್ಯದರ್ಶಿ. ಅಂದು ಫೆಬ್ರುವರಿಯ ಒಂದು ಶುಕ್ರವಾರ. ಪಂದ್ಯಾವಳಿಯ ಇಪ್ಪತ್ತೈದನೇ ವರ್ಷದ ಉದ್ಘಾಟನೆ ಸಂಜೆ ಐದಕ್ಕೆ ಚಳ್ಳಕೆರೆಯಲ್ಲಿ ಇತ್ತು.

ಈ ಪಂದ್ಯಾವಳಿಗೆ ಬೇರೆಲ್ಲೂ ಇಲ್ಲದ ಒಂದು ಪದ್ಧತಿ ಇದೆ. ಮಹಿಳಾ ಸಿಂಗಲ್ಸ್ ಗೆದ್ದವಳಿಗೆ ಕಪ್ಪಿನ ಜೊತೆ ಮೊಳಕಾಲ್ಮೂರು ರೇಷ್ಮೆ ಸೀರೆಯೂ ಸಲ್ಲುತ್ತದೆ. ಅದರ ಸೆರಗಿನಲ್ಲಿ ಅವಳ ಹೆಸರು ನೇಯ್ದಿರುತ್ತದೆ. ಕಪ್ಪನ್ನು ಗೆದ್ದ ದಿನವೇ ಕೊಡುತ್ತಾರೆ. ಸೀರೆ ಕೊಡುವುದು ಮುಂದಿನ ವರ್ಷ, ಉದ್ಘಾಟನೆಯ ದಿನ, ವೇದಿಕೆಯ ಮೇಲೆ ಹೆಸರು ಕರೆದು. ಅದಕ್ಕಾಗಿ ಗೆದ್ದವಳು ಮತ್ತೆ ಬರಬೇಕು. ಇಷ್ಟು ವರ್ಷಗಳಲ್ಲಿ ಗೆದ್ದವರು ಕ್ಯಾಂಡಿ, ಕಠ್ಮಂಡು, ಢಾಕಾ, ಪೆನಾಂಗ್, ಹೈದರಾಬಾದ್, ಬೆಂಗಳೂರಿನವರು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕಿನ ಒಬ್ಬಳೂ ಗೆದ್ದಿರಲಿಲ್ಲ. ಹಿಂದಿನ ವರ್ಷ ಮೊದಲ ಬಾರಿಗೆ ಒಬ್ಬಳು ಗೆದ್ದಳು. ಅವಳು ರಂಜಿತಾ, ಈ ಎಲ್ಲ ಸೀರೆಗಳನ್ನು ನೇಯುತ್ತ ಬಂದ ಗೋವಿಂದಮ್ಮ ಮತ್ತು ಪೆದ್ದಣ್ಣರ ಮಗಳು.

"ಸೀರೆ ರೆಡಿ ಐತಲ್ಲಮ್ಮ?" ಎಂದ ಕಿರಣ್‌ಕುಮಾರ್, ಹೊಸ್ತಿಲ ಹೊರಗೇ ನಿಂತು.

"ಐತಪ್ಪ. ಪ್ರತಿ ವರ್ಷ ನಾವೇ ಬಸ್ಸಲ್ಲಿ ತರ್ತಿದ್ವಿ. ಈ ವರ್ಷ ಕಾರು ಕಳಿಸೀರ. ಗೆದ್ದವಳ ತಾಯಿ ಅಂತ ಮರ್ಯಾದೇನಾ?" ಗೋವಿಂದಮ್ಮ ನಕ್ಕಳು.

ಅವನು ನಗಲಿಲ್ಲ. "ಒಂದು ಸಣ್ಣ ಚೇಂಜ್ ಐತಮ್ಮ."

ಆ ಬದಲಾವಣೆ ಹೀಗಿತ್ತು. ಪ್ರಾಯೋಜಕರಾದ ಸೌರವಿದ್ಯುತ್ ಕಂಪನಿಯ ಮುಖ್ಯಸ್ಥರು ಪತ್ನಿಯೊಂದಿಗೆ ಬರುತ್ತಿದ್ದಾರೆ. ಆಕೆಗೆ ಕೈಮಗ್ಗದ ಸೀರೆ ಎಂದರೆ ಇಷ್ಟ. ಪವರ್‌ಲೂಮ್ ಸೀರೆ ಕೊಟ್ಟರೆ ಗುರುತು ಹಿಡಿಯುತ್ತಾರೆ. ಸಮಿತಿಯ ರೇಷ್ಮೆಯಲ್ಲಿ ನೇಯ್ದು ಸಿದ್ಧವಾಗಿರುವ ಸೀರೆ ಇದೊಂದೇ. ಹಾಗಾಗಿ ಇದನ್ನು ಆಕೆಗೆ ಕೊಡುವುದೆಂದು ಅಧ್ಯಕ್ಷ ಜಯದೇವಪ್ಪ ತೀರ್ಮಾನಿಸಿದ್ದಾರೆ.

"ರಂಜಿತಾಗೆ ಏನೂ ಇಲ್ಲ ಅಂತಲ್ಲಮ್ಮ. ಚೆಕ್ ಐತೆ. ಮಿಕ್ಸೀನೂ ಐತೆ. ಒಳ್ಳೆ ಕಂಪನೀದು, ಮೂರು ಜಾರಿಂದು."

ಒಳಗೆ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಪೆದ್ದಣ್ಣ ಲಾಳಿ ನಿಲ್ಲಿಸಿದ. "ಏನಂದೆ? ಮಿಕ್ಸೀನಾ? ಏನಯ್ಯಾ, ನಮ್ಮ ಹುಡುಗಿ ಆಡಿದ್ದು ಬ್ಯಾಡ್ಮಿಂಟನ್ನೋ, ಚಟ್ನಿ ರುಬ್ಬೋ ಪಂದ್ಯಾನೋ?"

"ಅದರ ಮೇಲೆ ಅವಳ ಹೆಸರೈತಪ್ಪ," ಎಂದಳು ಗೋವಿಂದಮ್ಮ. ಅವಳಿಗೆ ಇನ್ನೂ ಕೋಪ ಬಂದಿರಲಿಲ್ಲ. ಹುಡುಗನಿಗೆ ವಿಷಯ ಗೊತ್ತಿಲ್ಲ ಎಂದೇ ಅಂದುಕೊಂಡಿದ್ದಳು.

"ಗೊತ್ತಮ್ಮ. ಸೆರಗಿನ ತುದೀಲಿ ತಾನೇ? ಒಂದು ಗೇಣು ಕತ್ತರಿಸಿ ಹೊಲಿಸಿದ್ರೆ ಯಾರಿಗೂ ಗೊತ್ತಾಗಲ್ಲ. ಟೈಲರಿಗೆ ಹೇಳಿ ಕೂರಿಸಿ ಬಂದೀನಿ."

"ಟೈಲರಿಗೆ ಹೇಳೀಯಾ? ನಮಗೆ ಹೇಳೋಕಿಂತ ಮುಂಚೆ?"

ಕಿರಣ್‌ಕುಮಾರ್ ಮೊಬೈಲ್ ನೋಡಿದ. ಅವನು ಕೆಟ್ಟವನಲ್ಲ. ಚಳ್ಳಕೆರೆಯವನೇ, ಹುಡುಗನಾಗಿದ್ದಾಗ ಇದೇ ಪಂದ್ಯಾವಳಿಯಲ್ಲಿ ಅಂಕಣದ ಬೆವರು ಒರೆಸಿದವನು. ಹೇಳಿದ ಕೆಲಸ ಮಾಡುವುದು ಅವನ ಉದ್ಯೋಗ. "ರೇಷ್ಮೆ ಸಮಿತೀದಲ್ವಾಮ್ಮ," ಎಂದ.

ಅದು ನಿಜ. ಪ್ರತಿ ವರ್ಷ ಪಂದ್ಯಾವಳಿ ಮುಗಿದ ಮೇಲೆ ಸಮಿತಿಯವರು ರೇಷ್ಮೆ, ಜರಿಯನ್ನು ತೂಕ ಮಾಡಿ ಕೊಡುತ್ತಾರೆ. ಸೀರೆಯಾದ ಮೇಲೆ ತೂಕ ಮಾಡಿ ತೆಗೆದುಕೊಳ್ಳುತ್ತಾರೆ.

"ಸಮಿತೀದೇ, ಇಲ್ಲ ಅಂದೋರ್ಯಾರು? ಮಧ್ಯಾಹ್ನ ನಾವೇ ತರ್ತೀವಿ. ಜಯದೇವಪ್ಪನವರ ಹತ್ರಾನೇ ಮಾತಾಡ್ತೀವಿ. ನೀನು ಹೋಗಪ್ಪ."

ಕಾರು ತಿರುಗಿ ಹೋಯಿತು. ಗೋವಿಂದಮ್ಮ ಗೂಟಕ್ಕೆ ತೂಗುಹಾಕಿದ್ದ ಚೀಲದಿಂದ ಬಿಳಿ ಪಂಚೆಯಲ್ಲಿ ಸುತ್ತಿದ್ದ ಸೀರೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಉಳಿದ ವರ್ಷಗಳಿಗಿಂತ ಈ ಸೀರೆ ನೇಯಲು ತುಂಬ ಹೆಚ್ಚು ಸಮಯ ಹಿಡಿದಿತ್ತು. ಅಂಚಿಗೆಂದೇ ಹೊಸ ಡಿಸೈನ್ ಕಾರ್ಡು, ಮಗ್ಗಕ್ಕೆ ಚಿತ್ತಾರ ಹೇಳುವ ತೂತಿನ ರಟ್ಟು, ಹೊಡೆಸಿದ್ದಳು. ಪೆದ್ದಣ್ಣ ಬೈದಿದ್ದ. ಮಗಳಿಗೆ ಮಾತ್ರ ತೋರಿಸಿರಲಿಲ್ಲ. ವೇದಿಕೆಯ ಮೇಲೆ ಬಿಚ್ಚಿದಾಗಲೇ ನೋಡಲಿ ಎಂದು.

ರಂಜಿತಾ ಚಳ್ಳಕೆರೆಯಲ್ಲಿ ಅಭ್ಯಾಸದಲ್ಲಿದ್ದಳು. ಪೆದ್ದಣ್ಣ ಫೋನ್ ಮಾಡಿ ಹೇಳಿದ.

"ನಾಯನಾ, ಹೆಸರು ಕರೀತಾರಂತಾ?" ಎಂದು ಕೇಳಿದಳು. ಅವರ ಮನೆಮಾತು ತೆಲುಗು. ಅಪ್ಪನನ್ನು ಅವಳು ನಾಯನ ಎಂದೇ ಕರೆಯುವುದು.

"ಮಿಕ್ಸಿಗೆ ಕರೀತಾರಂತೆ."

"ಬನ್ನಿ. ನಾನೂ ಆಫೀಸಿಗೆ ಬರ್ತೀನಿ."

ಸೀರೆಯ ಪದ್ಧತಿ ಹೇಗೆ ಶುರುವಾಯಿತು ಎಂಬುದನ್ನು ಇಲ್ಲಿ ಹೇಳಬೇಕು. ಯಾಕೆಂದರೆ ಅಂದು ಸಂಜೆ ಅದರ ಬೇರೊಂದು ಕಥೆಯನ್ನು ದೊಡ್ಡ ಪರದೆಯ ಮೇಲೆ ತೋರಿಸಲಿದ್ದರು.

೧೯೯೮ರಲ್ಲಿ ಚಳ್ಳಕೆರೆಯ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ದೊಡ್ಡಪಾಲಯ್ಯ ಈ ಪಂದ್ಯಾವಳಿ ಆರಂಭಿಸಿದರು. ಅವರು ಹತ್ತಿರದ ದೊಡ್ಡಉಳ್ಳಾರ್ತಿ ಹಳ್ಳಿಯವರು. ತರಬೇತಿ ಶಿಬಿರವೊಂದರಲ್ಲಿ ಪರಿಚಯವಾದ ಶ್ರೀಲಂಕಾದ ಕೋಚ್ ಒಬ್ಬರಿಗೆ ನಮ್ಮೂರಿಗೂ ಬನ್ನಿ ಎಂದಿದ್ದರು. ಅವರು ಆರು ಜನರನ್ನು ಕರೆದುಕೊಂಡು ನಿಜವಾಗಿ ಬಂದೇಬಿಟ್ಟರು. ನೇಪಾಳದ ಒಂದು ಕ್ಲಬ್ಬೂ ಬಂತು. ಅಲ್ಲಿಗೆ ಪಂದ್ಯಾವಳಿ ಅಂತರರಾಷ್ಟ್ರೀಯವಾಯಿತು. ಊರಲ್ಲಿ ಒಳಾಂಗಣ ಅಂಕಣ ಇರಲಿಲ್ಲ. ಎಣ್ಣೆಮಿಲ್ಲಿನ ಮಾಲೀಕ ಉಗ್ರಪ್ಪನವರ ಶೇಂಗಾ ಗೋದಾಮು ಮುಕ್ಕಾಲು ಖಾಲಿಯಿತ್ತು. ಸೂರು ಎತ್ತರ, ಗಾಳಿ ನುಗ್ಗುವುದಿಲ್ಲ. ಮೇಷ್ಟ್ರು ಕೀಲಿ ಕೇಳಿ ಪಡೆದರು. ಶೇಂಗಾ ಸಿಪ್ಪೆಯ ಧೂಳು ಗುಡಿಸಿ ಸುಣ್ಣದಲ್ಲಿ ಗೆರೆ ಎಳೆದರು. ಚೀಲಗಳ ಅಟ್ಟಿಯೇ ಪ್ರೇಕ್ಷಕರ ಗ್ಯಾಲರಿ. ಕ್ಯಾಂಡಿಯಿಂದ ಬಂದಿದ್ದ ಇರೋಶಾ ಎಂಬ ಹದಿನೇಳರ ಹುಡುಗಿ ಧೂಳಿಗೆ ಸೀನುತ್ತಲೇ ಆಡಿದಳು.

ಗೆದ್ದವಳಿಗೆ ಹೆಸರು ನೇಯ್ದ ಸೀರೆ ಕೊಡಬೇಕೆಂದು ಮೇಷ್ಟ್ರ ಆಸೆ. ತಮ್ಮ ಸಂಬಳದಲ್ಲಿ ರೇಷ್ಮೆ ಕೊಂಡು ಪೆದ್ದಣ್ಣನಿಗೆ ಕೊಟ್ಟರು. ಆಗ ಪೆದ್ದಣ್ಣನಿಗೆ ಮೂವತ್ತೆರಡು. ಫೈನಲ್ ಮುಗಿದ ದಿನವೇ ಸೀರೆ ಕೊಡಬೇಕೆಂದರೆ ಹೆಸರನ್ನು ಫೈನಲಿಗೆ ಮುಂಚೆಯೇ ನೇಯ್ದಿರಬೇಕು. ಪೆದ್ದಣ್ಣ ಯೋಚಿಸಲಿಲ್ಲ. ರಾಜ್ಯ ಮಟ್ಟದಲ್ಲಿ ಗೆದ್ದಿದ್ದ ನನ್ನಿವಾಳದ ನಿರ್ಮಲಾ ಆಡುತ್ತಿದ್ದಳು. ಅವಳಲ್ಲದೆ ಇನ್ಯಾರು ಗೆಲ್ಲುತ್ತಾರೆ ಎಂದು ಕಾರ್ಡು ಹೊಡೆಸಿ, ಸೆರಗಿನಲ್ಲಿ ನಿರ್ಮಲಾ ಎಂದು ನೇಯ್ದು, ಸೀರೆಯೊಂದಿಗೆ ಬಂದು ಗೋದಾಮಿನಲ್ಲಿ ಕೂತ. ಫೈನಲ್ಲಿನಲ್ಲಿ ನಿರ್ಮಲಾ ಇರೋಶಾಗೆ ಸೋತಳು.

ನೇಯ್ದ ಹೆಸರನ್ನು ಅಳಿಸಲು ಬರುವುದಿಲ್ಲ. ನಿರ್ಮಲಾ ಅದನ್ನು ಮುಟ್ಟಲಿಲ್ಲ. "ಸೋತೋಳು ಉಡೋ ಸೀರೆ ಅಲ್ಲ ಅದು" ಎಂದಳು. ಮೇಷ್ಟ್ರೂ ಬೇಡ ಎಂದರು. ರೇಷ್ಮೆ ಕೊಟ್ಟ ಮಾಲೀಕ ನಾಲ್ಕು ಜನರ ಎದುರು ಬೇಡ ಎಂದ ಮಾಲು ನೇಕಾರನ ತಲೆಗೇ ಬರುತ್ತದೆ. ಅವನು ಅಷ್ಟೇ ತೂಕದ ರೇಷ್ಮೆ, ಜರಿ ಹಿಂತಿರುಗಿಸಬೇಕು. ಮೊಳಕಾಲ್ಮೂರಿನ ಯಾವ ಮಗ್ಗದಲ್ಲಿ ಕೇಳಿದರೂ ಇದೇ ಕಟ್ಟಳೆ. ನೇಕಾರರು ಎಲ್ಲಕ್ಕಿಂತ ಹೆಚ್ಚು ಹೆದರುವುದೂ ಇದಕ್ಕೇ. ಪೆದ್ದಣ್ಣ ರೇಷ್ಮೆ ಹಿಂತಿರುಗಿಸಿದ, ಸೀರೆ ಮನೆಯಲ್ಲಿ ಉಳಿಯಿತು. ಮುಂದೆ ಅದನ್ನು ಕತ್ತರಿಸಿ ರಂಜಿತಾಳಿಗೆ ಮೊದಲ ಲಂಗ ಹೊಲಿಸಿದರು.

ಇತ್ತ ಇರೋಶಾಗೆ ಏನು ಹೇಳುವುದು? ಮೇಷ್ಟ್ರು ತಮ್ಮ ಇಂಗ್ಲಿಷಿನಲ್ಲಿ, ಸೀರೆ ಮಗ್ಗದಲ್ಲಿದೆ, ಮುಂದಿನ ವರ್ಷ ಬಂದು ತೆಗೆದುಕೋ ಎಂದರು. ಬರುತ್ತಾಳೆಂದು ಅವರೇ ನಂಬಿರಲಿಲ್ಲ. ಮುಂದಿನ ಫೆಬ್ರುವರಿಯಲ್ಲಿ ಅವಳು ಇನ್ನೂ ನಾಲ್ವರು ಹುಡುಗಿಯರನ್ನು ಕರೆದುಕೊಂಡು ಬಂದಳು. ಒಂದು ಸಲದ ಪಂದ್ಯ ವಾರ್ಷಿಕವಾದದ್ದು ಹೀಗೆ. ಆಮೇಲೆ ಗೆದ್ದವರೆಲ್ಲ ಸೀರೆಗಾಗಿ ಬಂದರು. ಬರುವಾಗ ತಂಡ ತಂದರು. ಬಾಣಂತಿಯಾಗಿದ್ದ ಕಠ್ಮಂಡುವಿನ ಹುಡುಗಿಯೊಬ್ಬಳು ತಮ್ಮನನ್ನು ಕಳಿಸಿದ್ದಳು. ಅವಳ ಹೆಸರು ಕರೆದಾಗ ಅವನು ಮೀಸೆ ತಿರುವುತ್ತ ವೇದಿಕೆ ಹತ್ತಿದ್ದ. ಕೊರೊನಾದ ಎರಡು ವರ್ಷ ಬಿಟ್ಟರೆ ಪಂದ್ಯಾವಳಿ ಒಮ್ಮೆಯೂ ನಿಂತಿಲ್ಲ.

ಉಗ್ರಪ್ಪನವರು ಮೊದಲ ವರ್ಷದ ಫೈನಲ್ ನೋಡಲು ಬರಲಿಲ್ಲ. ಮುಗಿದ ಮರುದಿನ ಬೆಳಿಗ್ಗೆ ಲೋಡು ಬರುತ್ತದೆ, ನೆಲದ ಗೆರೆ ತೊಳೆದುಕೊಡಿ ಎಂದು ಹೇಳಿಕಳಿಸಿದರು. ಮೇಷ್ಟ್ರೂ ಪೆದ್ದಣ್ಣನೂ ತೊಳೆದುಕೊಟ್ಟರು. ಜಯದೇವಪ್ಪ ಆ ಉಗ್ರಪ್ಪನವರ ಮಗ. ಎಂಟು ವರ್ಷದ ಹಿಂದೆ ಅಧ್ಯಕ್ಷರಾದರು, ಒಳಾಂಗಣ ಕ್ರೀಡಾಂಗಣ ಕಟ್ಟಿಸಿದರು, ಮರದ ಅಂಕಣ ಹಾಕಿಸಿದರು. ಅದು ಅವರ ಕೆಲಸವೇ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಮಧ್ಯಾಹ್ನದ ಬಸ್ಸು ಕೊಂಡ್ಲಹಳ್ಳಿ ದಾಟುವವರೆಗೂ ಪೆದ್ದಣ್ಣ ಬೈಯುವುದನ್ನು ನಿಲ್ಲಿಸಲಿಲ್ಲ. ಅರ್ಧ ತೆಲುಗು, ಅರ್ಧ ಕನ್ನಡ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು.

"ನಿಮಗಲ್ಲ ತಾಯಿ, ಜಯದೇವಪ್ಪನಿಗೆ," ಎಂದ.

"ಸುಮ್ನಿರು," ಎಂದಳು ಗೋವಿಂದಮ್ಮ. "ಅಲ್ಲಿ ಹೋಗಿ ನೀನು ಬಾಯಿ ತೆಗೀಬೇಡ. ನಾನು ಮಾತಾಡ್ತೀನಿ."

"ನೀನು ಮಾತಾಡಿದ್ರೆ ಮಿಕ್ಸಿ ಜೊತೆ ಗ್ರೈಂಡರೂ ಕೊಡ್ತಾರೆ. ತಗಂಡು ಬಾ."

ಕ್ರೀಡಾಂಗಣದ ಗೇಟಿನ ಹೊರಗೆ ದೊಡ್ಡಪಾಲಯ್ಯ ಮೇಷ್ಟ್ರು ನಿಂತಿದ್ದರು. ಎಪ್ಪತ್ತಾರು ವಯಸ್ಸು, ಬಿಳಿ ಅಂಗಿ, ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಹಳೆಯ ಪೀಪಿ. ಸೆಕ್ಯುರಿಟಿಯವನು ಪಾಸ್ ಕೇಳಿದ್ದ. ಅವರ ಬಳಿ ಪಾಸ್ ಇರಲಿಲ್ಲ, ಯಾರೂ ಕಳಿಸಿರಲಿಲ್ಲ.

"ಏನ್ ಮೇಷ್ಟ್ರೇ, ನೀವೂ ಹೊರಗೇನಾ?" ಎಂದ ಪೆದ್ದಣ್ಣ.

"ನಮ್ಮೂರ ದನ ಮೇಯೋ ಕಾವಲು ಕಾಂಪೌಂಡ್ ಒಳಗೆ ಹೋಯ್ತು, ದನ ಹೊರಗೆ ಉಳಿದ್ವು. ಇದೂ ಹಂಗೇ ಕಣಲೇ." ಮೇಷ್ಟ್ರ ದನಿಯಲ್ಲಿ ಬೇಸರಕ್ಕಿಂತ ಸಿಟ್ಟು ಹೆಚ್ಚಿತ್ತು. "ಸೀರೆ ತಂದೀರೇನ್ರೋ?"

ಗೋವಿಂದಮ್ಮ ನಡೆದದ್ದನ್ನು ಹೇಳಿದಳು. ಮೇಷ್ಟ್ರು ಪೂರ್ತಿ ಕೇಳಿ, ಸೆಕ್ಯುರಿಟಿಯವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಒಳಗೆ ನಡೆದರು. ಅವನು ತಡೆಯಲಿಲ್ಲ. ಬಹುಶಃ ಅವರ ವಿದ್ಯಾರ್ಥಿ.

ಒಳಗೆ ದೊಡ್ಡ ಪರದೆಯ ಮೇಲೆ ಸಂಜೆಯ ಚಿತ್ರವನ್ನು ಪರೀಕ್ಷೆಗೆ ಓಡಿಸುತ್ತಿದ್ದರು. "ಕ್ರೀಡಾಂಗಣವಿಲ್ಲದ ಕಾಲದಲ್ಲಿ ತಮ್ಮ ಗೋದಾಮನ್ನೇ ಅಂಗಳವಾಗಿಸಿದ ದಾರ್ಶನಿಕ ಉಗ್ರಪ್ಪನವರು..." ಎನ್ನುತ್ತಿತ್ತು ಗಂಭೀರ ದನಿ. ಗೋದಾಮಿನ ಹಳೆಯ ಫೋಟೊ ಬಂತು. ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರನ್ನು ಕತ್ತರಿಸಿ ಅರ್ಧ ಭುಜ ಮಾತ್ರ ಉಳಿಸಿದ್ದರು. "ಗೆದ್ದವರು ಮರಳಿ ಬರಲೆಂದು ಸೀರೆಯ ಪದ್ಧತಿ ರೂಪಿಸಿದ ಅವರ ದೂರದೃಷ್ಟಿ..."

"ದೂರದೃಷ್ಟಿ ಅಂತೆ!" ಪೆದ್ದಣ್ಣ ಅಲ್ಲೇ ನಿಂತ. "ಅದು ನಾನು ಮಾಡಿದ ತಪ್ಪಯ್ಯಾ! ಕೆಲಸ ಕದಿಯೋರ್ನ ನೋಡೀನಿ. ನನ್ನ ತಪ್ಪನ್ನೂ ಕದ್ದರಲ್ಲ ಇವ್ರು!"

ಆಫೀಸಿನಲ್ಲಿ ಜಯದೇವಪ್ಪ ಎದ್ದು ಕೈಮುಗಿದರು. ಮೆಲುದನಿಯ ಮನುಷ್ಯ. "ಬನ್ನಿ ಗೋವಿಂದಮ್ಮ, ಕೂತ್ಕಳಿ. ಮೇಷ್ಟ್ರೂ ಬಂದ್ರಾ? ಬನ್ನಿ ಬನ್ನಿ. ಕಿರಣ, ಚಾ ಹೇಳು." ರಂಜಿತಾ ಆಗಲೇ ಬಂದು ಗೋಡೆಗೆ ಒರಗಿ ನಿಂತಿದ್ದಳು, ಹೆಗಲಲ್ಲಿ ರ‍್ಯಾಕೆಟ್ ಬ್ಯಾಗು, ಕುತ್ತಿಗೆಯಲ್ಲಿ ಬೆವರು. ಅವಳಿಗೆ ಯಾರೂ ಕೂರಲು ಹೇಳಿರಲಿಲ್ಲ.

"ಅಲ್ಲಮ್ಮ," ಎಂದರು ಜಯದೇವಪ್ಪ ನಗುತ್ತ, "ನಿಮ್ಮ ಮನೇಲಿ ಸೀರೆಗೆ ಬರವಾ?"

"ನಮ್ಮನೇಲಿ ಇರೋದು ಮಗ್ಗ ಸಾರ್, ಸೀರೆ ಅಲ್ಲ. ನಾನು ನೇಯ್ದಿದ್ರಲ್ಲಿ ಒಂದ್ನೂ ನಾನು ಉಟ್ಟಿಲ್ಲ."

"ನೋಡಿ, ಹೊರದೇಶದೋರಾದ್ರೆ ಕೊಡದೇ ಇದ್ರೆ ಬೇಜಾರಾಗ್ತಾರೆ. ರಂಜಿತಾ ನಮ್ಮ ಹುಡುಗಿ. ಮನೆಯೋರು ಸ್ವಲ್ಪ ಅಡ್ಜಸ್ಟ್ ಮಾಡ್ಕಬೇಕು."

"ಇಷ್ಟು ವರ್ಷ ಅದನ್ನೇ ಮಾಡಿದ್ವಲ್ಲ ಸಾರ್."

"ಸಾರ್," ಎಂದಳು ರಂಜಿತಾ ಗೋಡೆಯ ಬಳಿಯಿಂದಲೇ, "ಹೋದ ವರ್ಷ ಕಪ್ಪು ಕೊಟ್ರಲ್ಲ, ಬೇಕಾದ್ರೆ ಅದನ್ನ ಅವರಿಗೆ ಕೊಡಿ. ವಾಪಸ್ ತಂದುಕೊಡ್ತೀನಿ. ಸೀರೆ ನಂದು. ಅದಕ್ಕೆ ಹೆಸರು ಕರೀಬೇಕು, ನಾನು ಹತ್ತಬೇಕು. ಚಿಕ್ಕೋಳಿದ್ದಾಗಿಂದ ಅಮ್ಮನ ಪಕ್ಕ ನಿಂತು ಬೇರೆಯವರ ಹೆಸರು ಕೇಳೀನಿ."

ಜಯದೇವಪ್ಪನವರ ನಗು ಸಣ್ಣದಾಯಿತು. "ಕಂಪನಿಯೋರು ಇಲ್ಲದಿದ್ರೆ ಈ ಪಂದ್ಯಾನೇ ಇಲ್ಲ, ಗೊತ್ತೇನಮ್ಮ ನಿನಗೆ? ಲೈಟು ಅವರದು. ನೀನು ಆಡೋ ಮ್ಯಾಟು ಅವರದು."

"ಗೆದ್ದಿದ್ದು ನಾನು ಸಾರ್."

"ಕಿರಣ, ಸೀರೆ ಬಿಚ್ಚು. ಟೈಲರ್ ಕಾಯ್ತಾವ್ನೆ."

ಕಿರಣ್‌ಕುಮಾರ್ ಗೋವಿಂದಮ್ಮನ ಕೈಯಿಂದ ಗಂಟು ತೆಗೆದುಕೊಂಡ. ಅವಳು ಹಿಡಿದುಕೊಳ್ಳಲಿಲ್ಲ. ಪಂಚೆ ಬಿಚ್ಚಿ ಸೀರೆಯನ್ನು ಮೇಜಿನ ಮೇಲೆ ಹರಡಿದ. ಬದನೆ ಬಣ್ಣದ ಒಡಲು, ಕೆಂಪು ಅಂಚು. ಸೆರಗು ಹುಡುಕಿದ, ಹೆಸರು ಸಿಕ್ಕಿತು. ಮೇಲೆ ಬೆರಳಿಟ್ಟು ಟೈಲರಿಗೆ ತೋರಿಸಲು ಗುರುತು ನೋಡುತ್ತಿದ್ದವನು ಇನ್ನೊಂದು ಮಡಿಕೆ ಬಿಚ್ಚಿದ. ಆಮೇಲೆ ಮತ್ತೊಂದು.

"ಸರ್," ಎಂದ.

"ಏನು?"

"ಹೆಸರು ಸೀರೆ ಪೂರ್ತಿ ಐತೆ ಸರ್."

ಅಂಚಿನಲ್ಲಿ ನವಿಲು ಬರಬೇಕಾದ ಜಾಗದಲ್ಲಿ ಜರಿಯ ಅಕ್ಷರಗಳಿದ್ದವು. ರಂಜಿತಾ. ಒಂದು ಬೆರಳು ಅಂತರ ಬಿಟ್ಟು ಮತ್ತೆ ರಂಜಿತಾ. ಸೀರೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಎರಡೂ ಅಂಚಿನಲ್ಲಿ. ಕತ್ತರಿಸಲು ಎಲ್ಲೂ ಜಾಗ ಇರಲಿಲ್ಲ.

ರಂಜಿತಾ ಗೋಡೆ ಬಿಟ್ಟು ಮೇಜಿನ ಹತ್ತಿರ ಬಂದಳು. ಅವಳೂ ಅದನ್ನು ನೋಡಿದ್ದು ಅದೇ ಮೊದಲು. ಅಮ್ಮನ ಮುಖ ನೋಡಿದಳು. ಗೋವಿಂದಮ್ಮ ಟೀ ಲೋಟದ ಕಡೆ ನೋಡುತ್ತಿದ್ದಳು.

ಜಯದೇವಪ್ಪ ಕನ್ನಡಕ ಹಾಕಿಕೊಂಡು ಬಗ್ಗಿದರು. ನೋಡಿದರು. ಅವರ ಮೆಲುದನಿ ಅಲ್ಲಿಗೆ ಮುಗಿಯಿತು.

"ಏನೇ ಇದು? ಯಾರು ಹೇಳಿದ್ರು ನಿನಗೆ? ಸಮಿತಿ ರೇಷ್ಮೇಲಿ ಮಗಳ ಹೆಸರು ಗೋಡೆ ಮೇಲೆ ಬರೆದಂಗೆ ಬರ್ಕಂಡೀಯಲ್ಲ! ಯಾವಳು ಉಡ್ತಾಳೆ ಇದನ್ನ? ತೆಗಿ! ನನಗೆ ಬೇಡ ಇದು. ಬೇಡ! ಎತ್ತಿಕೊಂಡು ಹೋಗಿ!"

ಹೊರಗಿನ ವರಾಂಡದಲ್ಲಿ ಕುರ್ಚಿ ಜೋಡಿಸುತ್ತಿದ್ದವರು ಕಿಟಕಿಯಲ್ಲಿ ಇಣುಕಿದರು. ಪೆದ್ದಣ್ಣ ಎದ್ದು ನಿಂತ. ಆಫೀಸಿಗೆ ಬಂದಾಗಿನಿಂದ ಅವನು ಹೆಂಡತಿಯ ಮಾತಿನಂತೆ ಬಾಯಿ ಮುಚ್ಚಿಕೊಂಡು ಕೂತಿದ್ದ.

"ಮೇಷ್ಟ್ರೇ, ಕೇಳಿಸ್ಕಂಡ್ರಾ? ಬೇಡ ಅಂದ್ರು."

"ಕೇಳಿಸ್ತು," ಎಂದರು ದೊಡ್ಡಪಾಲಯ್ಯ.

"ಕಿರಣಪ್ಪಾ, ನಿಂಗೆ?"

ಕಿರಣ್‌ಕುಮಾರ್ ಸೀರೆಯಿಂದ ಕೈ ತೆಗೆದ. ಕಿಟಕಿಯಲ್ಲಿದ್ದವನೊಬ್ಬ, "ನಮಗೂ ಕೇಳಿಸ್ತು," ಎಂದ.

"ಮುಗೀತು," ಎಂದ ಪೆದ್ದಣ್ಣ. "ಮಾಲೀಕ ಬೇಡ ಅಂದ ಮಾಲು ಮಗ್ಗದೋನ್ದು. ನಿಮ್ಮ ರೇಷ್ಮೆ, ನಿಮ್ಮ ಜರಿ ತೂಕ ಮಾಡಿ ತಂದುಕೊಡ್ತೀನಿ ಸಾರ್. ಏಮೇ, ಮಡಚು."

ಗೋವಿಂದಮ್ಮ ಸೀರೆ ಮಡಚತೊಡಗಿದಳು. ಜಯದೇವಪ್ಪನವರಿಗೆ ತಾವು ಏನು ಹೇಳಿದೆವೆಂದು ಆಗ ತಿಳಿಯಿತು. "ಏ, ನಾನು ಆ ಅರ್ಥದಲ್ಲಿ ಹೇಳಿಲ್ಲ. ಸಿಟ್ಟಲ್ಲಿ ಒಂದು ಮಾತು ಬಂದ್ರೆ ಅದನ್ನೇ ಹಿಡ್ಕತೀಯಾ?"

"ನೀವು ಶೇಂಗಾ ವ್ಯಾಪಾರದೋರು ಸಾರ್. ಮಾರ್ಕೆಟ್ಟಲ್ಲಿ ಚೀಲಕ್ಕೆ ಕೈ ಹಾಕಿ, ನೋಡಿ, ಬೇಡ ಅಂದ್ಮೇಲೆ ರೈತನ ಚೀಲ ಮನೆಗೆ ಒಯ್ತೀರಾ? ಒಯ್ದು ನೋಡಿ, ಏನಾಗ್ತೈತೆ ಅಂತ."

ಕಿಟಕಿಯಲ್ಲಿ ಯಾರೋ ನಕ್ಕರು. ಜಯದೇವಪ್ಪ ಕೂತರು. ಕನ್ನಡಕ ತೆಗೆದು ಒರೆಸಿದರು. ಮಾತಾಡಿದಾಗ ದನಿ ಮತ್ತೆ ಮೆಲ್ಲಗಾಗಿತ್ತು.

"ತಗಂಡು ಹೋಗಿ. ಕಿರಣ, ಇವತ್ತಿನ ಕಾರ್ಯಕ್ರಮದಲ್ಲಿ ಹೋದ ವರ್ಷದ ಚಾಂಪಿಯನ್ ಐಟಮ್ಮೇ ಬೇಡ, ತೆಗೆದುಹಾಕು. ಚೆಕ್ಕೂ ಇಲ್ಲ, ಮಿಕ್ಸೀನೂ ಇಲ್ಲ. ಹೆಸರು ಕರೆಯೋದೂ ಇಲ್ಲ."

ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ ಎಲ್ಲ ತಂಡಗಳೂ ಪಥಸಂಚಲನಕ್ಕೆಂದು ಕ್ರೀಡಾಂಗಣದ ಪ್ರವೇಶ ಬಾಗಿಲಿನ ಹೊರಗೆ ಸಾಲು ನಿಂತಿದ್ದವು. ಮುಂದೆ ಶ್ರೀಲಂಕಾ, ಹಿಂದೆ ನೇಪಾಳ, ಬಾಂಗ್ಲಾದೇಶ, ಮಲೇಷ್ಯಾ, ಕೊನೆಗೆ ನಮ್ಮ ರಾಜ್ಯಗಳು. ರಂಜಿತಾ ಕರ್ನಾಟಕದ ಸಾಲಿನಲ್ಲಿದ್ದಳು. ಗೋವಿಂದಮ್ಮ ಅವಳ ಬಳಿ ಹೋಗಿ ಗಂಟು ಚಾಚಿದಳು.

"ತಗೋ ಕಣಮ್ಮ. ನಿಂದೇ."

ರಂಜಿತಾ ಕೈ ಚಾಚಲಿಲ್ಲ. "ಹಿಂಗೆ ಬೇಡಮ್ಮ. ನೀನು ಸುಮ್ನೆ ಕೈಗೆ ಕೊಟ್ರೆ ಅದು ಯುಗಾದಿ ಸೀರೆ. ಯುಗಾದಿಗೆ ಕೊಡು, ಉಡ್ತೀನಿ." ಅವಳು ಬಾಗಿಲಿನ ಕಡೆ ನೋಡಿದಳು. "ಆ ಜಯದೇವಪ್ಪ ಹೆಸರು ಕರೀಬೇಕಿತ್ತು."

"ಅವನು ಯಾವನು ಕರೆಯೋಕೆ?" ಎಂದರು ಹಿಂದಿನಿಂದ ಮೇಷ್ಟ್ರು. "ಅವನು ಬರೋದಕ್ಕೆ ಮುಂಚೆ ಅಷ್ಟು ವರ್ಷ ಕರೆದೋನು ನಾನು. ನಾನು ಕರೆದ್ರೆ ಬರ್ತೀಯೋ ಇಲ್ವೋ, ಅಷ್ಟು ಹೇಳು."

ಅವಳು ಅವರನ್ನು ನೋಡಿದಳು. "ಕರೀರಿ ಮೇಷ್ಟ್ರೇ. ಬರ್ತೀನಿ."

ಶ್ರೀಲಂಕಾದ ಸಾಲಿನ ತುದಿಯಲ್ಲಿ ಅವರ ಕೋಚ್ ನಿಂತಿದ್ದಳು. ಅವಳೇ ಇರೋಶಾ, ಈಗ ನಲವತ್ತಮೂರು. ಪ್ರತಿ ವರ್ಷದಂತೆ ಉದ್ಘಾಟನೆಗೆ ತನ್ನ ಸೀರೆ ಉಟ್ಟುಕೊಂಡಿದ್ದಳು. ಜರಿ ಸ್ವಲ್ಪ ಕಪ್ಪಾಗಿತ್ತು. ಅವಳಿಗೆ ಕನ್ನಡ ಬಾರದು, ದೊಡ್ಡಪಾಲಯ್ಯನವರ ಹೆಸರೇ 'ಮೇಷ್ಟ್ರೇ' ಎಂದುಕೊಂಡಿದ್ದವಳು. ಗೋವಿಂದಮ್ಮನ ಕೈಯಲ್ಲಿದ್ದ ಬಿಳಿ ಗಂಟು ಕಂಡು ಏನು ನಡೆಯುತ್ತಿದೆ ಎಂದು ಕೇಳಿದಳು. ಮೇಷ್ಟ್ರು ಎರಡು ವಾಕ್ಯದಲ್ಲಿ ಹೇಳಿದರು. ಅವಳ ಮುಖ ಕೆಂಪಾಯಿತು. ತನ್ನ ಹುಡುಗಿಯರಿಗೆ ಏನೋ ಹೇಳಿದಳು. ಅವರು ಸಾಲು ಮುರಿದು ಎರಡು ಕಡೆ ಸರಿದು ನಿಂತರು. ನೇಪಾಳದವರು ನೋಡಿ ಹಾಗೇ ಮಾಡಿದರು. ನಡುವೆ ದಾರಿಯಾಯಿತು.

ಮೇಷ್ಟ್ರು ಪೀಪಿ ಊದಿದರು. ನಂತರ ಶಾಲೆಯ ಮೈದಾನದಲ್ಲಿ ಡ್ರಿಲ್ ಮಾಡಿಸುತ್ತಿದ್ದ ದನಿಯಲ್ಲಿ ಕೂಗಿದರು:

"ಮಹಿಳಾ ಸಿಂಗಲ್ಸ್! ಕಳೆದ ವರ್ಷದ ವಿಜೇತೆ! ಮೊಳಕಾಲ್ಮೂರಿನ ಪಿ. ರಂಜಿತಾ!"

ಒಳಗೆ ಅದೇ ಹೊತ್ತಿಗೆ ಉಗ್ರಪ್ಪನವರ ಚಿತ್ರ ಆರಂಭವಾಗಿತ್ತು. ಕಿರಣ್‌ಕುಮಾರ್ ಬಾಗಿಲು ತೆಗೆದು ಓಡಿಬಂದ. "ಮೇಷ್ಟ್ರೇ, ಮೇಷ್ಟ್ರೇ, ಒಳಗೆ ಕೇಳಿಸ್ತೈತೆ!"

"ಕೇಳಿಸಲಿ ಅಂತಾನೇ ಕೂಗಿದ್ದು ಕಣಲೇ. ಬಾಗಿಲು ತೆಗೆದೇ ಇಡು."

ಮತ್ತೊಮ್ಮೆ ಕೂಗಿದರು. ರಂಜಿತಾ ಬ್ಯಾಗು ಕೆಳಗಿಟ್ಟು ಸಾಲುಗಳ ನಡುವೆ ನಡೆದು ಬಂದಳು. ನಗಲಿಲ್ಲ, ಅಳಲಿಲ್ಲ. ಅಮ್ಮನ ಮುಂದೆ ನಿಂತು ಎರಡೂ ಕೈ ಚಾಚಿ ಸೀರೆ ತೆಗೆದುಕೊಂಡಳು. ಹುಡುಗಿಯರು ಚಪ್ಪಾಳೆ ತಟ್ಟಿದರು. ಬಾಗಿಲು ತೆರೆದೇ ಇತ್ತು. ಹಿಂದಿನ ಸಾಲಿನ ಕುರ್ಚಿಗಳಲ್ಲಿದ್ದವರು ಪರದೆ ಬಿಟ್ಟು ಹಿಂತಿರುಗಿ ನೋಡಿದರು. ಕೆಲವರು ಎದ್ದು ನಿಂತರು. ಮುಂದಿನ ಸಾಲಿನಲ್ಲಿ ಜಯದೇವಪ್ಪ ತಿರುಗಲಿಲ್ಲ.

ರಂಜಿತಾ ಸೀರೆಯನ್ನು ಟ್ರ್ಯಾಕ್ ಸೂಟಿನ ಮೇಲೆ ಹೆಗಲಿಗೆ ಹಾಕಿಕೊಂಡು ಪಥಸಂಚಲನದಲ್ಲಿ ನಡೆದಳು. ಅವಳ ಹೆಸರನ್ನು ನಿರೂಪಕ ಹೇಳಲಿಲ್ಲ. ಅಂಚು ಅತಿಥಿಗಳ ಕಡೆಗಿತ್ತು. ಪ್ರಾಯೋಜಕರ ಪತ್ನಿ ಬಗ್ಗಿ ನೋಡಿ, ಪಕ್ಕದಲ್ಲಿದ್ದ ಕಿರಣ್‌ಕುಮಾರನನ್ನು ಇದು ಯಾರ ನೇಯ್ಗೆ ಎಂದು ಕೇಳಿದರು. ಅವನು ವಿಚಾರಿಸಿ ಹೇಳುತ್ತೇನೆ ಎಂದ. ಆಕೆಗೆ ಅಂಗಡಿಯಿಂದ ತರಿಸಿದ ಸೀರೆಯನ್ನು ಕೊಟ್ಟರು.

ರಂಜಿತಾ ಸೆಮಿಫೈನಲ್ಲಿನಲ್ಲಿ ಶ್ರೀಲಂಕಾದ ತರುಷಿಗೆ ಸೋತಳು. ತರುಷಿಯೇ ಪಂದ್ಯಾವಳಿ ಗೆದ್ದಳು. ಅವಳಿಗೆ ಕಪ್ಪು, ಚೆಕ್ಕು ಮತ್ತು ಮೂರು ಜಾರಿನ ಮಿಕ್ಸಿ ಕೊಟ್ಟರು.

ಮುಂದಿನ ವಾರ ಪೆದ್ದಣ್ಣ ಚಳ್ಳಕೆರೆಗೆ ಹೋಗಿ ರೇಷ್ಮೆ, ಜರಿ ತೂಕ ಮಾಡಿ ಕೊಟ್ಟು ಬಂದ. ತರುಷಿಯ ಸೀರೆಗೆಂದು ಸಮಿತಿ ಆ ವರ್ಷ ಯಾರಿಗೂ ರೇಷ್ಮೆ ಕೊಡಲಿಲ್ಲ.

ಇಪ್ಪತ್ತಾರನೇ ಪಂದ್ಯಾವಳಿ ಮರುವರ್ಷದ ಫೆಬ್ರುವರಿಯಲ್ಲಿ ನಡೆಯಿತು. ತರುಷಿ ಬರಲಿಲ್ಲ. ಹೊರದೇಶದ ಒಂದು ತಂಡವೂ ಬರಲಿಲ್ಲ. ಬ್ಯಾನರಿನಲ್ಲಿ ಅಂತರರಾಷ್ಟ್ರೀಯ ಎಂದೇ ಇತ್ತು.